ವಿಹಾರಯಾತ್ರೆಯಿಂದ ಧರ್ಮಯಾತ್ರೆಗೆ: ಮಸ್ಕಿ ಪರಿಸರದ ಸ್ಮಾರಕಗಳೂ ಅವುಗಳ ಸಂದರ್ಶಕರೂ

ಮೌರ್ಯ ಚಕ್ರವರ್ತಿ ಅಶೋಕನ ಎಂಟನೆಯ ಹೆಬ್ಬಂಡೆ ಶಾಸನವು ಯಾತ್ರೆಯಲ್ಲಿ ಎರಡು ಬಗೆಗಳನ್ನು ಗುರುತಿಸುತ್ತದೆ. ಹಿಂದಿನ ಅರಸರು ಬೇಟೆ ಮೊದಲಾದ ವಿನೋದಗಳಿಗಾಗಿ ವಿಹಾರಯಾತ್ರೆ ಹೊರಡುತ್ತಿದ್ದರು. ಅಶೋಕನು ಪಟ್ಟಕ್ಕೆ ಬಂದ ಹತ್ತು ವರ್ಷಗಳ ಅನಂತರ ಸಂಬೋಧಿಗೆ, ಅಂದರೆ ಬೋಧಗಯೆಗೆ ಹೋದನು. ಅಂದಿನಿಂದ ಧರ್ಮಯಾತ್ರೆ ಆರಂಭವಾಯಿತು. ಶ್ರಮಣ ಬ್ರಾಹ್ಮಣರ ದರ್ಶನ ಮತ್ತು ಅವರಿಗೆ ದಾನ, ವೃದ್ಧರ ದರ್ಶನ ಮತ್ತು ಅವರಿಗೆ ಹಿರಣ್ಯದ ನೆರವು, ಜನಪದದ ಜನರ ದರ್ಶನ, ಅವರೊಡನೆ ಧರ್ಮವಿಚಾರ - ಇವು ಆ ಯಾತ್ರೆಯ ಅಂಗಗಳೆಂದು ಶಾಸನ ತಿಳಿಸುತ್ತದೆ. ಸ್ಥಳವನ್ನು ನೋಡುವುದರ ಜೊತೆಗೆ ಆ ಸ್ಥಳದ ಜನರನ್ನು ನೋಡುವುದೂ ಯಾತ್ರೆಯ ಉದ್ದೇಶವಾಗಿದ್ದಿತೆಂಬ ಅಂಶ ಇಲ್ಲಿ ಗಮನಾರ್ಹವಾದುದು. ಅದೇ ಅರಸನ ಹೆಸರಿನಿಂದ ಪ್ರಸಿದ್ಧಿಗೆ ಬಂದ ಮಸ್ಕಿ ಮತ್ತು ಅದರ ಸುತ್ತಲಿನ ಸಿಂಧನೂರು, ಲಿಂಗಸುಗೂರು ಸೀಮೆಯ ಸ್ಮಾರಕಗಳನ್ನು ಕಳೆದ ನೂರೈವತ್ತು ವರ್ಷಗಳಲ್ಲಿ ಯಾರು ಬಂದು ನೋಡಿದರು, ಏನನ್ನು ಅರಸಿ ಬಂದರು, ಏನನ್ನು ಕಾಣದೆ ಹೋದರು ಎಂಬುದನ್ನು ಪರಿಶೀಲಿಸಲು ಈ ಭೇದವು ಉತ್ತಮವಾದ ಅಳತೆಗೋಲನ್ನು ಒದಗಿಸುತ್ತದೆ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ಭೂಭಾಗವನ್ನು ಪ್ರಾಚೀನ ಶಾಸನಗಳು ಎಡೆದೊರೆನಾಡು, ಎಡೆದೊರೆ ಎರಡು ಸಾಸಿರ ಎಂದು ಕರೆದಿವೆ. ಎರಡು ತೊರೆಗಳ ಎಡೆಯ ನಾಡು ಎಂಬ ಅರ್ಥದ ಈ ಹೆಸರು ಭೂಲಕ್ಷಣಕ್ಕೆ ಅತ್ಯಂತ ಅನುರೂಪವಾಗಿದೆ. ಈಗ ರಾಯಚೂರು ಜಿಲ್ಲೆಗೆ ಸೇರಿರುವ ಈ ಪ್ರದೇಶವು ನಿಜಾಮರ ಆಳ್ವಿಕೆಯಲ್ಲಿ 1905ರವರೆಗೆ ಲಿಂಗಸುಗೂರು ಎಂಬ ಪ್ರತ್ಯೇಕ ಜಿಲ್ಲೆಯಾಗಿದ್ದಿತು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯಲ್ಲಿ, ಎರೆಹೊಲಗಳ ನಡುವೆ ದುಂಡು ಬಂಡೆಗಳನ್ನು ಪೇರಿಸಿದಂತೆ ತಲೆಯೆತ್ತಿ ನಿಂತ ಗುಡ್ಡಗಳ ಬುಡದಲ್ಲಿ ಮಸ್ಕಿ ಇದೆ. ಬಹುಕಾಲ ಲಿಂಗಸುಗೂರು ತಾಲ್ಲೂಕಿನ ಊರಾಗಿದ್ದ ಇದು ಈಗ ತಾನೇ ತಾಲ್ಲೂಕು ಕೇಂದ್ರ. ಊರಿನ ಮಗ್ಗುಲಲ್ಲಿ ಹರಿಯುವ ಮಸ್ಕಿ ಹಳ್ಳ ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ದುರ್ಗದ ಗುಡ್ಡದ ಪಶ್ಚಿಮದ ಇಳಿಜಾರಿನಲ್ಲಿ, ಗುಹೆಯಂತಿರುವ ಕಲ್ಲಾಸರೆಯೊಂದರ ಬಂಡೆಯ ಮೇಲೆ, ಬ್ರಾಹ್ಮೀ ಲಿಪಿಯ ಪ್ರಾಕೃತ ಭಾಷೆಯ ಎಂಟು ಸಾಲುಗಳಿವೆ. ಅದೇ ಅಶೋಕನ ಕಿರು ಬಂಡೆ ಶಾಸನ.

ಈ ಶಾಸನವನ್ನು ಲೋಕಕ್ಕೆ ತಿಳಿಸಿದವನು ಇತಿಹಾಸಕಾರನಲ್ಲ. 1915ರಲ್ಲಿ ಇದನ್ನು ಗುರುತಿಸಿದ ಸಿ. ಬೀಡನ್ ಚಿನ್ನದ ಗಣಿಯ ಇಂಜಿನಿಯರ್. ಅವನಿಗಿಂತ ಮುಂಚೆ, 19ನೆಯ ಶತಮಾನದ ಉತ್ತರಾರ್ಧದಲ್ಲಿ, ಇಲ್ಲಿಗೆ ಬಂದು ಪ್ರಾಗೈತಿಹಾಸಿಕ ಅವಶೇಷಗಳನ್ನು ಗಮನಿಸಿದ ರಾಬರ್ಟ್ ಬ್ರೂಸ್ ಫೂಟ್ ಕೂಡ ವೃತ್ತಿಯಿಂದ ಭೂವಿಜ್ಞಾನಿ. ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಅಶೋಕ ಶಾಸನಗಳು 1920ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದುದೂ ಭೂವಿಜ್ಞಾನಿಯೊಬ್ಬರಿಂದಲೇ. ಇದು ಕೇವಲ ಆಕಸ್ಮಿಕವೆನ್ನುವಂತಿಲ್ಲ. ಬಂಡೆಯನ್ನು ಸೂಕ್ಷ್ಮವಾಗಿ ನೋಡುವ ಕಣ್ಣು ಭೂವಿಜ್ಞಾನಿಗೆ ಇರುತ್ತದೆ ಎಂಬುದು ಒಂದು ಕಾರಣವಾದರೆ, ಚಿನ್ನದ ಅದಿರಿರುವ ನೆಲದಲ್ಲಿಯೇ ಮೌರ್ಯರ ಶಾಸನಗಳೂ ಇರುವುದು ಇನ್ನೊಂದು, ಹೆಚ್ಚು ಮುಖ್ಯವಾದ ಕಾರಣ. ಈ ಎರಡನೆಯ ಕಾರಣದ ಕಡೆಗೆ ಸಾಮಾನ್ಯ ಸಂದರ್ಶಕನ ಲಕ್ಷ್ಯ ಹರಿದುದು ಕಡಿಮೆ.

ಆಗತಾನೇ, 1914ರಲ್ಲಿ, ಹೈದರಾಬಾದ್ ಸಂಸ್ಥಾನದಲ್ಲಿ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಪುರಾತತ್ತ್ವ ಇಲಾಖೆ ಸ್ಥಾಪಿತವಾಗಿದ್ದಿತು. ಮಸ್ಕಿ ಶಾಸನದ ಪಾಠವನ್ನು ಎಚ್. ಕೃಷ್ಣಶಾಸ್ತ್ರಿಗಳು ಸಿದ್ಧಪಡಿಸಿದರು. 1915ರಲ್ಲಿ ಪ್ರಕಟವಾದ ಆ ಅಧ್ಯಯನವೇ ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಸಂಚಿಕೆಯಾಯಿತು. ಒಂದು ಸಂಸ್ಥಾನದ ಪುರಾತತ್ತ್ವ ಪ್ರಕಟಣೆಗಳು ಕನ್ನಡ ನಾಡಿನ ಬಂಡೆಯೊಂದರಿಂದ ಆರಂಭವಾದವೆಂಬುದು ಉಲ್ಲೇಖಾರ್ಹ.

ಇದರ ಮಹತ್ತ್ವವನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. 1837ರ ವೇಳೆಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದುವಲ್ಲಿ ಯಶಸ್ವಿಯಾದಾಗ ಶಾಸನಗಳಲ್ಲಿ ಕಂಡ ಅರಸ ದೇವಾನಾಂಪ್ರಿಯ ಪ್ರಿಯದರ್ಶಿ. ಈತ ಯಾರು? ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ಈತನೇ ಚಂದ್ರಗುಪ್ತನ ಮೊಮ್ಮಗ ಅಶೋಕನೆಂದು ಜಾರ್ಜ್ ಟರ್ನರ್ ತೋರಿಸಿಕೊಟ್ಟನು. ಆ ನಿರ್ಣಯವನ್ನು ವಿದ್ವತ್ತು ಒಪ್ಪಿದ್ದರೂ ಶಾಸನವೇ ಆ ಹೆಸರನ್ನು ನುಡಿದಿರಲಿಲ್ಲ. ದೇವಾನಾಂಪ್ರಿಯ ಎಂಬ ಬಿರುದಿನ ಪಕ್ಕದಲ್ಲಿ ಅಶೋಕನೆಂಬ ಹೆಸರು ಮೊದಲಬಾರಿಗೆ ದೊರೆತುದು ಮಸ್ಕಿಯ ಬಂಡೆಯಲ್ಲಿ. ಮುಂದೆ 1950ರ ದಶಕದಲ್ಲಿ ಮಧ್ಯಪ್ರದೇಶದ ಗುಜರ್ರಾದಲ್ಲಿ, 1970ರ ದಶಕದ ಕೊನೆಗೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೆಗೋಳಗಳಲ್ಲಿ ಆ ಹೆಸರುಳ್ಳ ಪಾಠಗಳು ಸಿಕ್ಕಿದವು. ಆದಕಾರಣ ಮಸ್ಕಿಯೊಂದರಲ್ಲಿಯೇ ಅಶೋಕನ ಹೆಸರಿದೆ ಎಂಬ, ಇಂದಿಗೂ ಕೇಳಿಬರುವ ಮಾತು ಈಗ ಸಲ್ಲದು; ಮೊದಲು ಕಂಡುದು ಮಸ್ಕಿಯಲ್ಲಿ ಎಂಬುದಷ್ಟೇ ಸರಿ. ಹೆಸರನ್ನು ಸೂಚಿಸುವ ಈ ನಾಲ್ಕು ಕಿರು ಶಾಸನಗಳಲ್ಲಿ ಮೂರು ಕರ್ನಾಟಕದವು ಎಂಬುದು ಅದಕ್ಕಿಂತ ಕುತೂಹಲದ ಸಂಗತಿ.

ಹೆಸರಿನ ಈ ಖ್ಯಾತಿಯಿಂದ ಒಂದು ಹಾನಿಯೂ ಆಗಿದೆ. ಮಸ್ಕಿಗೆ ಬರುವವರು ಮೊದಲ ಸಾಲಿನ ಒಂದು ಪದವನ್ನು ನೋಡಿ ಹೊರಡುತ್ತಾರೆ. ಉಳಿದ ಏಳು ಸಾಲುಗಳಲ್ಲಿ ಏನಿದೆ ಎಂಬ ಪ್ರಶ್ನೆ ಏಳುವುದೇ ವಿರಳ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಸಂಘದ ಸಂಪರ್ಕ ಪಡೆದು ಹೆಚ್ಚು ಶ್ರಮವಹಿಸಿದೆ, ಜಂಬೂದ್ವೀಪದಲ್ಲಿ ಹಿಂದೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ ಎಂದು ಅರಸ ಹೇಳುತ್ತಾನೆ. ಆ ಬಳಿಕ ಬರುವ ಮಾತು ಇಡೀ ಶಾಸನದ ತಿರುಳು: ಈ ಗುರಿಯನ್ನು ಧರ್ಮನಿಷ್ಠನಾದ ಅಲ್ಪನೂ ಮುಟ್ಟಬಲ್ಲ, ದೊಡ್ಡವರಿಗೆ ಮಾತ್ರ ಇದು ಸಾಧ್ಯವೆಂದು ಭಾವಿಸಲಾಗದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು. ಅರಸನ ಹೆಸರಿಗಾಗಿ ಪ್ರಖ್ಯಾತವಾದ ಈ ಬಂಡೆಯ ಮೇಲಿರುವುದು ಹೆಸರಿಲ್ಲದ ಸಾಮಾನ್ಯರನ್ನು ಉದ್ದೇಶಿಸಿದ ಮಾತು.

ಸಾಮಾನ್ಯರು ಇದನ್ನು ಓದಿರಲಾರರು. ಭಾಷೆ ಪ್ರಾಕೃತ, ಲಿಪಿ ಈ ನೆಲಕ್ಕೆ ಹೊಸದು. ಆದುದರಿಂದ ಓದಿ ಕೇಳಿಸುವ ವ್ಯವಸ್ಥೆಯಿದ್ದಿರಬೇಕು. ಎರ್ರಗುಡಿಯ ಕಿರು ಶಾಸನದಲ್ಲಿ ರಜ್ಜುಕನೆಂಬ ಅಧಿಕಾರಿಯು ಭೇರಿಯನ್ನು ಬಾರಿಸಿ ಜನಪದದವರಿಗೆ ಅಪ್ಪಣೆ ತಿಳಿಸಬೇಕೆಂಬ ನಿರ್ದೇಶನವಿದೆ. ಆನೆಯ ಮಾವುತರು, ಕರಣಿಕರು ಮೊದಲಾದವರ ಪ್ರಸ್ತಾಪವೂ ಇದೆ. ಈ ಹಿನ್ನೆಲೆಯಲ್ಲಿ ನೋಡಿದರೆ ಮಸ್ಕಿಯ ಕಲ್ಲಾಸರೆಯು ಜನ ಸೇರುತ್ತಿದ್ದ ಅಥವಾ ಹಾದುಹೋಗುತ್ತಿದ್ದ ಜಾಗವಾಗಿದ್ದಿತೆಂದು ಊಹಿಸಬಹುದಾಗಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ನೆರೆಯ ಶಾಸನಗಳನ್ನು ಬರೆದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಸೂಚಕ ಪದವನ್ನು ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಗಾಂಧಾರದ ಕಡೆಯ ಬರವಣಿಗೆ ಬಲ್ಲವನೊಬ್ಬ ಮೊಳಕಾಲ್ಮೂರಿನ ಗುಡ್ಡಗಳವರೆಗೆ ಬಂದಿದ್ದನೆಂದಮೇಲೆ ಅಂದಿನ ಸಂಚಾರದ ವ್ಯಾಪ್ತಿಯನ್ನು ಬೇರೆ ವಿವರಿಸಬೇಕಾಗಿಲ್ಲ. ಇದೇ ಕಿರು ಶಾಸನದ ಇತರ ಕೆಲವು ಪಾಠಗಳಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಅದನ್ನು ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳೆಂದು ಹಿಂದಿನ ವಿದ್ವಾಂಸರು ತಿಳಿದಿದ್ದರು. ಅರಸ ಪ್ರವಾಸದಲ್ಲಿ ಕಳೆದ ರಾತ್ರಿಗಳೆಂಬ ಅರ್ಥವೇ ಈಗ ಬಹುಮಾನ್ಯವಾಗಿದೆ. ಅಂದರೆ ಶಾಸನವೇ ಒಂದು ಯಾತ್ರೆಯ ನಡುವೆ ಹೊರಟ ಮಾತು.

ಚಿನ್ನದ ವಿಚಾರಕ್ಕೆ ಬರುವುದಾದರೆ, ಬಿ.ಎಲ್. ರೈಸ್ 1892ರಲ್ಲಿ ಶೋಧಿಸಿದ ಬ್ರಹ್ಮಗಿರಿ ಗುಂಪಿನ ಶಾಸನಗಳು ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಸಂದೇಶದಿಂದ ಮೊದಲಾಗುತ್ತವೆ. ಮೌರ್ಯರ ದಕ್ಷಿಣ ಪ್ರಾಂತದ ಕೇಂದ್ರವಾಗಿದ್ದ ಈ ಸುವರ್ಣಗಿರಿ ಎಲ್ಲಿತ್ತು ಎಂಬ ಚರ್ಚೆ ಒಂದು ಶತಮಾನದಿಂದ ನಡೆದಿದೆ. ಮಸ್ಕಿಯೇ ಅದೆಂದು ಕೆಲವರು, ಹೆಸರಿನ ಸಾಮ್ಯದಿಂದ ಕೊಪ್ಪಳ ಜಿಲ್ಲೆಯ ಕನಕಗಿರಿಯೆಂದು ಕೆಲವರು, ಎರ್ರಗುಡಿಯ ಬಳಿಯ ಜೊನ್ನಗಿರಿಯೆಂದು ಮತ್ತೆ ಕೆಲವರು ವಾದಿಸಿದ್ದಾರೆ. ಮೂರಕ್ಕೂ ನಿರ್ಣಾಯಕವಾದ ಸಾಕ್ಷ್ಯವಿಲ್ಲ. ಹೆಸರಿನ ಸಾಮ್ಯವೊಂದನ್ನೇ ನೆಚ್ಚುವುದು ಸ್ಥಳನಾಮ ಶಾಸ್ತ್ರದಲ್ಲಿ ಅಪಾಯಕಾರಿ. ಕನಕಗಿರಿ ಎಂಬ ಸಂಸ್ಕೃತ ರೂಪ ತೀರ ಈಚಿನದೂ ಆಗಿರಬಹುದು. ಆದರೆ ವಾದಿಗಳೆಲ್ಲರೂ ಚಿನ್ನದ ನೆಲದ ಸುತ್ತಲೇ ತಿರುಗುತ್ತಿದ್ದಾರೆ ಎಂಬುದು ಮಾತ್ರ ಗಟ್ಟಿ ಸಂಗತಿ.

ಆ ನೆಲವನ್ನು ನೋಡಬಯಸುವವರು ಮಸ್ಕಿಯಿಂದ ಉತ್ತರಕ್ಕೆ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ ಹೋಗಬೇಕು. ಸಾರ್ವಜನಿಕರು ಹಟ್ಟಿಯನ್ನು ಸ್ಮಾರಕವೆಂದು ಎಣಿಸುವುದಿಲ್ಲ; ಅದು 1947ರಲ್ಲಿ ಸ್ಥಾಪಿತವಾದ ಕಂಪನಿಯ ಗಣಿ. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದ ಚಿನ್ನದ ಉತ್ಪಾದನೆಯಲ್ಲಿ ಅದಕ್ಕೇ ಅಗ್ರಸ್ಥಾನ. ಆದರೆ ಆಧುನಿಕ ಗಣಿಗಾರರು ಇಲ್ಲಿ ಕೆಳಗಿಳಿದಾಗ ತಮಗಿಂತ ಮುಂಚೆ ಬಂದವರ ಸುರಂಗಗಳು ಎದುರಾದವು. ಪ್ರಾಚೀನರು ಸುಮಾರು 640 ಅಡಿಗಳಷ್ಟು ಆಳಕ್ಕೆ ಹೋಗಿದ್ದರು. ಆ ಹಳೆಯ ಗಣಿಗಳಲ್ಲಿ ಸಿಕ್ಕ ಮರದ ತುಂಡುಗಳ ಇಂಗಾಲ ಕಾಲಗಣನೆ ಅವನ್ನು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಕ್ಕೆ ಒಯ್ಯುತ್ತದೆ. ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ಸೀಳಿಸಿ, ಉಳಿಯಿಂದ ಒಡೆದು, ಕಲ್ಲಿನ ಗುಂಡುಗಳಿಂದ ಅರೆದು ಅದಿರನ್ನು ಬೇರ್ಪಡಿಸುತ್ತಿದ್ದರು. ಯಂತ್ರವಿಲ್ಲದೆ, ಹೊಗೆ ತುಂಬಿದ ಆ ಆಳದಲ್ಲಿ ದುಡಿದವರು ಯಾರು ಎಂಬುದಕ್ಕೆ ಶಾಸನವಿಲ್ಲ. ಧರ್ಮಯಾತ್ರೆಯಲ್ಲಿ ವೃದ್ಧರಿಗೆ ಹಂಚುತ್ತಿದ್ದ ಹಿರಣ್ಯವನ್ನು ಯಾವುದೋ ಗಣಿಯಿಂದ ಯಾರೋ ಹೊತ್ತು ಮೇಲಕ್ಕೆ ತಂದಿರಲೇಬೇಕು. ಕಲ್ಲಾಸರೆಯ ಎಂಟು ಸಾಲುಗಳನ್ನೂ ಹಟ್ಟಿಯ ಸುರಂಗಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಅಲ್ಪನೆಂಬ ಪದಕ್ಕೆ ಈ ನೆಲದ ಅರ್ಥ ಒದಗುತ್ತದೆ.

ಮೌರ್ಯರು ಬರುವ ಬಹು ಮುಂಚೆಯೇ ಇಲ್ಲಿ ಜನವಸತಿ ಇದ್ದಿತು. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ನಡೆಸಿ ತಾಮ್ರ-ಶಿಲಾಯುಗ, ಕಬ್ಬಿಣ ಬಳಸಿದ ಬೃಹತ್ ಶಿಲಾ ಸಂಸ್ಕೃತಿ, ಇತಿಹಾಸಾರಂಭ ಕಾಲ, ಮಧ್ಯಕಾಲ ಎಂಬ ನಾಲ್ಕು ಹಂತಗಳನ್ನು ಗುರುತಿಸಿದರು. ಮುದಗಲ್ಲಿಗೆ ಸಮೀಪದ ಪಿಕ್ಲಿಹಾಳದಲ್ಲಿ 1950ರ ದಶಕದ ಆರಂಭದಲ್ಲಿ ಎಫ್. ರೇಮಂಡ್ ಆಲ್ಚಿನ್ ಅಗೆತ ನಡೆಸಿ, 1960ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಅಲ್ಲಿಯ ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳೂ ಕುಟ್ಟುಚಿತ್ರಗಳೂ ಹೇರಳವಾಗಿವೆ. ದನಗಾಹಿಗಳಾಗಿದ್ದ ನವಶಿಲಾಯುಗದ ಈ ಜನ ರೊಪ್ಪಗಳಲ್ಲಿ ಸಗಣಿಯನ್ನು ರಾಶಿಯೊಟ್ಟಿ ಸುಟ್ಟುದರಿಂದ ಬಳ್ಳಾರಿ ರಾಯಚೂರು ಸೀಮೆಯ ಬೂದಿದಿಬ್ಬಗಳು ಉಂಟಾದವೆಂಬ ವಿವರಣೆಯನ್ನು ಆಲ್ಚಿನ್ ಪುಷ್ಟೀಕರಿಸಿದರು. ರಾಕ್ಷಸರ ಮೂಳೆಯ ಬೂದಿ, ಜ್ವಾಲಾಮುಖಿಯ ಉಳಿಕೆ ಎಂದೆಲ್ಲ ಹೇಳಲಾಗುತ್ತಿದ್ದ ದಿಬ್ಬಗಳು ದನದ ರೊಪ್ಪಗಳೆಂದು ತಿಳಿದಾಗ ಕೆಲವರಿಗೆ ನಿರಾಶೆಯಾಗಿರಬಹುದು, ಇತಿಹಾಸಕ್ಕೆ ಲಾಭವಾಯಿತು.

ಎಡೆದೊರೆಯ ಮಧ್ಯಕಾಲೀನ ಚರಿತ್ರೆಯು ಬಹುಮಟ್ಟಿಗೆ ಗಡಿಯ ಚರಿತ್ರೆ. ರಾಜೇಂದ್ರ ಚೋಳನ ತಮಿಳು ಪ್ರಶಸ್ತಿಯು ಅವನು ಗೆದ್ದ ನಾಡುಗಳಲ್ಲಿ ಇಡೈತುರೈನಾಡನ್ನೇ ಮುಂದಿಟ್ಟಿದೆ. ಸುಮಾರು 1021ರಲ್ಲಿ ಕಲ್ಯಾಣದ ಚಾಳುಕ್ಯ ಎರಡನೆಯ ಜಯಸಿಂಹನಿಗೂ ಅವನಿಗೂ ಮುಯಂಗಿಯಲ್ಲಿ ಯುದ್ಧ ನಡೆದು ಜಯಸಿಂಹ ಬೆನ್ನುತೋರಿದನೆಂದು ಅದೇ ಪ್ರಶಸ್ತಿ ಸಾರುತ್ತದೆ. ಶಾಸನಗಳಲ್ಲಿ ಪಿರಿಯ ಮೊಸಂಗಿ ಎಂದು ಕಾಣಿಸಿಕೊಳ್ಳುವ ಮಸ್ಕಿಯೇ ಈ ಮುಯಂಗಿ ಎಂಬುದು ಹಲವು ವಿದ್ವಾಂಸರ ಅಭಿಮತ. ಉಚ್ಚಂಗಿದುರ್ಗವೆಂದು ಹೇಳಿದವರೂ ಉಂಟು. ಪ್ರಶಸ್ತಿಗಳು ಸೋಲನ್ನು ಎದುರಾಳಿಯ ಪಾಲಿಗೆ ಮಾತ್ರ ಬರೆಯುತ್ತವೆ. ಚಾಳುಕ್ಯ ದಾಖಲೆಗಳು ಜಯಸಿಂಹನೇ ಚೋಳರನ್ನು ಹೊಡೆದಟ್ಟಿದನೆನ್ನುತ್ತವೆ. ಫಲಿತಾಂಶವನ್ನು ನೋಡಿದರೆ ತುಂಗಭದ್ರೆಯೇ ಎಲ್ಲೆಯಾಗಿ ಉಳಿಯಿತು.

ಇದೇ ಎಲ್ಲೆಗಾಗಿ ಮುಂದೆ ವಿಜಯನಗರ ಮತ್ತು ಬಹಮನಿ ಅರಸರು ಕಾದಾಡಿದರು. ಅದರ ಸಾಕ್ಷಿ ಮುದಗಲ್ಲಿನ ಕೋಟೆ. ಅಗಲವಾದ ಕಂದಕ, ಹೊರಕೋಟೆ, ಗುಡ್ಡದ ಮೇಲಣ ಒಳಕೋಟೆಗಳುಳ್ಳ ಇದರ ಗೋಡೆಗಳಲ್ಲಿ ಕೈಬದಲಾದ ಪ್ರತಿ ಆಳ್ವಿಕೆಯ ಗುರುತುಗಳಿವೆ. 1406ರಲ್ಲಿ ಒಂದನೆಯ ದೇವರಾಯನು ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳನ್ನು ಬಯಸಿದ್ದರಿಂದ ಫಿರೋಜ್ ಷಾ ಬಹಮನಿಯೊಡನೆ ಯುದ್ಧವಾಯಿತೆಂಬ ಕತೆಯನ್ನು ಫೆರಿಸ್ತಾ ಬರೆದಿದ್ದಾನೆ. ಪ್ರವಾಸಿಗರಿಗೆ ಇಂದಿಗೂ ಮೊದಲು ಹೇಳುವುದು ಈ ಕತೆಯನ್ನೇ. ಆದರೆ ಫೆರಿಸ್ತಾ ಬರೆದದ್ದು ಸುಮಾರು ಇನ್ನೂರು ವರ್ಷಗಳ ಅನಂತರ, ವಿಜಾಪುರದ ಆಸ್ಥಾನದಲ್ಲಿದ್ದು. ಯುದ್ಧಕ್ಕೆ ಹುಡುಗಿಯನ್ನು ಕಾರಣವಾಗಿಸುವುದು ಚರಿತ್ರಕಾರರ ಹಳೆಯ ಚಾಳಿ. ಎರಡು ನದಿಗಳ ನಡುವಿನ ಫಲವತ್ತಾದ ನೆಲ, ಅದರ ಕೋಟೆಗಳು ಮತ್ತು ಕಂದಾಯ - ಇಷ್ಟು ಕಾರಣ ಸಾಕಾಗಿದ್ದಿತು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿದ ರಾಯಚೂರು ಯುದ್ಧವೂ ಇದೇ ಕಾರಣದ್ದು. ಕೃಷ್ಣೆಯ ನಡುಗಡ್ಡೆಯಲ್ಲಿರುವ ಜಲದುರ್ಗದ ಕೋಟೆಯೂ ಈ ಕಾವಲಿನ ಸರಪಳಿಯ ಒಂದು ಕೊಂಡಿ. ನದಿಯೇ ಅದರ ಕಂದಕ.

ಮುದಗಲ್ಲಿನ ವೈಶಿಷ್ಟ್ಯ ಕೋಟೆಯಲ್ಲಿ ಮುಗಿಯುವುದಿಲ್ಲ. ಆದಿಲಶಾಹಿ ಕಾಲದಿಂದ ನೆಲೆನಿಂತ ಕ್ರೈಸ್ತ ಸಮುದಾಯ ಇಲ್ಲಿದೆ. ಹುಸೇನಿ ಆಲಂ ದರ್ಗಾದ ಮೊಹರಂ ಕಲ್ಯಾಣ ಕರ್ನಾಟಕದಲ್ಲೆಲ್ಲ ಪ್ರಖ್ಯಾತವಾದುದು. ಆ ದಿನಗಳಲ್ಲಿ ಸುತ್ತಲಿನ ಹಳ್ಳಿಗಳಿಂದ ಹಿಂದೂ ಮುಸ್ಲಿಮರೆನ್ನದೆ ಜನ ಅಲಾಯಿ ದೇವರಿಗೆ ಹರಕೆ ಒಪ್ಪಿಸಲು ಬರುತ್ತಾರೆ. ಕೋಟೆಯ ಮೇಲೆ ಶತಮಾನಗಳ ಕಾಲ ಧ್ವಜಗಳು ಬದಲಾದವು. ಆ ಊರಿನ ಜನ ಒಟ್ಟಿಗೆ ಬಾಳುವ ಕ್ರಮವೊಂದನ್ನು ತಮ್ಮಷ್ಟಕ್ಕೆ ತಾವೇ ಕಟ್ಟಿಕೊಂಡರು. ಸ್ಮಾರಕಗಳ ಪಟ್ಟಿಯಲ್ಲಿ ಕೋಟೆಗೆ ಸ್ಥಾನವಿದೆ, ಈ ಕ್ರಮಕ್ಕೆ ಇಲ್ಲ.

ಸಿಂಧನೂರು ತಾಲ್ಲೂಕಿನಲ್ಲಿಯೂ ಇಂಥದೇ ಒಂದು ಯಾತ್ರಾಸ್ಥಳವಿದೆ. ಸೋಮಲಾಪುರದ ಬಳಿಯ ಸಿದ್ಧಪರ್ವತದ ಅಂಬಾಮಠದಲ್ಲಿ ಬನದ ಹುಣ್ಣಿಮೆಯ ಸುಮಾರಿಗೆ ನಡೆಯುವ ಅಂಬಾದೇವಿ ಜಾತ್ರೆಗೆ ಅಪಾರ ಜನ ನೆರೆಯುತ್ತಾರೆ. ಕನ್ನಡದಲ್ಲಿ ದೇವೀ ಮಹಾತ್ಮೆಯನ್ನು ರಚಿಸಿದ ಚಿದಾನಂದಾವಧೂತರ ಹೆಸರಿನೊಡನೆ ಈ ಕ್ಷೇತ್ರ ಬೆಸೆದುಕೊಂಡಿದೆ. ನವರಾತ್ರಿಯಲ್ಲಿ ಉತ್ತರ ಕರ್ನಾಟಕದ ಮನೆಗಳಲ್ಲಿ ಆ ಕೃತಿಯ ಪಾರಾಯಣ ನಡೆಯುತ್ತದೆ. ಎಂಟು ಸಾಲಿನ ಪ್ರಾಕೃತ ಶಾಸನ ಎರಡು ಸಾವಿರ ವರ್ಷ ಓದುಗರಿಲ್ಲದೆ ಉಳಿದ ಸೀಮೆಯಲ್ಲಿಯೇ ಜನರ ನಾಲಗೆಯ ಮೇಲೆ ನಿಂತ ಕೃತಿಯೊಂದು ನೆಲೆ ಪಡೆದಿದೆ.

ಸಿಂಧನೂರು ಪಟ್ಟಣದಲ್ಲಿ ಹಳೆಯ ಸ್ಮಾರಕಗಳು ವಿರಳವಾದರೂ ಪ್ರದೇಶದ ಇತ್ತೀಚಿನ ಚರಿತ್ರೆಯ ಸ್ಮಾರಕವೊಂದು ಅಲ್ಲಿದೆ: ತುಂಗಭದ್ರಾ ಎಡದಂಡೆ ಕಾಲುವೆ. 1953ರಲ್ಲಿ ಅಣೆಕಟ್ಟಿನಿಂದ ನೀರು ಹರಿಯಲಾರಂಭಿಸಿದ ಮೇಲೆ ಜೋಳ, ಹತ್ತಿಗಳ ಎರೆಭೂಮಿ ಕ್ರಮೇಣ ನೆಲ್ಲಿನ ಗದ್ದೆಯಾಯಿತು. ಕರಾವಳಿ ಆಂಧ್ರದಿಂದ ರೈತರು ಬಂದು ನೆಲೆಸಿದರು. ಅವರ ವಸತಿಗಳು ಇಂದಿಗೂ ಕ್ಯಾಂಪುಗಳೆಂದೇ ಕರೆಯಿಸಿಕೊಳ್ಳುತ್ತವೆ. ಪೂರ್ವ ಬಂಗಾಳದ ನಿರಾಶ್ರಿತರಿಗೂ ಸಿಂಧನೂರಿನ ಬಳಿ ಪುನರ್ವಸತಿ ದೊರೆಯಿತು. ಎಡೆದೊರೆಗೆ ಹೊರಗಿನವರು ಬರುವುದು ಹೊಸತೇನಲ್ಲ; ಈ ಬಾರಿ ಅವರು ನೋಡಿ ಹೋಗಲು ಅಥವಾ ಗೆಲ್ಲಲು ಬಾರದೆ ಉಳಿಯಲು ಬಂದರು. ನೀರಾವರಿಯ ಇನ್ನೊಂದು ಪರಿಣಾಮ ಪುರಾತತ್ತ್ವಕ್ಕೆ ಸಂಬಂಧಿಸಿದುದು. ಗದ್ದೆಗೆ ನೆಲ ಸಮತಟ್ಟಾಗಬೇಕು. ಸಂರಕ್ಷಿತ ಸ್ಮಾರಕವೆಂಬ ಫಲಕವಿಲ್ಲದ ದಿಬ್ಬ, ಕಲ್ಲುವೃತ್ತ, ಬೂದಿಯ ಗುಡ್ಡೆಗಳು ಟ್ರ್ಯಾಕ್ಟರಿನ ಮುಂದೆ ನಿಲ್ಲಲಾರವು. ರೈತನನ್ನು ದೂರುವುದು ಸುಲಭ. ಅವನ ಹೊಲದ ದಿಬ್ಬ ಏನೆಂದು ಅವನಿಗೆ ಯಾರೂ ತಿಳಿಸಿಲ್ಲ. ತಿಳಿಸಬಲ್ಲವರು ಅಶೋಕನ ಹೆಸರನ್ನು ನೋಡಿ ಹೆದ್ದಾರಿಯಲ್ಲಿ ಹಿಂತಿರುಗಿದರು.

ಸಿಂಧನೂರನ್ನು ನೆಲೆಯಾಗಿಟ್ಟುಕೊಂಡು ನೋಡಿದರೆ ಪಶ್ಚಿಮೋತ್ತರಕ್ಕೆ ಮಸ್ಕಿ, ತುಂಗಭದ್ರೆಯನ್ನು ದಾಟಿದರೆ ನಿಟ್ಟೂರು ಮತ್ತು ಉಡೆಗೋಳ, ನೈಋತ್ಯಕ್ಕೆ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು - ಹೀಗೆ ಐದು ಅಶೋಕ ಶಾಸನಗಳ ನೆಲೆಗಳು ಸುತ್ತುವರಿದಿವೆ. ಭಾರತದಲ್ಲಿ ಇಷ್ಟು ನಿಕಟವಾಗಿ ಅಶೋಕನ ಶಾಸನಗಳಿರುವ ಪ್ರದೇಶಗಳು ಅಪರೂಪ. ಆದರೂ ಇವುಗಳನ್ನು ಒಂದೇ ಯಾತ್ರೆಯಾಗಿ ಕಲ್ಪಿಸಿದವರು ವಿರಳ. ಹಂಪಿಗೆ ಬರುವ ಪ್ರವಾಸಿಯು ಅದೇ ನದಿಯ ದಂಡೆಯಲ್ಲಿ ಅದಕ್ಕಿಂತ ಸಾವಿರದ ಆರುನೂರು ವರ್ಷ ಹಳೆಯ ಬರೆಹವಿದೆಯೆಂದು ಅರಿಯದೆಯೇ ಮರಳುತ್ತಾನೆ.

2010ರಿಂದೀಚೆಗೆ ಆಂಡ್ರ್ಯೂ ಬಾಯರ್ ಮತ್ತು ಪೀಟರ್ ಜೋಹಾನ್ಸನ್ ಅವರ ನೇತೃತ್ವದಲ್ಲಿ ಮಸ್ಕಿ ಪರಿಸರದಲ್ಲಿ ನಡೆದಿರುವ ಕ್ಷೇತ್ರಕಾರ್ಯದ ರೀತಿ ಇದಕ್ಕಿಂತ ಭಿನ್ನವಾದುದು. ಒಂದು ಶಾಸನ, ಒಂದು ದಿಬ್ಬಕ್ಕೆ ಸೀಮಿತಗೊಳ್ಳದೆ ಹೊಲದಿಂದ ಹೊಲಕ್ಕೆ ನಡೆದು ವಸತಿನೆಲೆ, ಗೋರಿ, ನೀರಿನ ಆಸರೆ, ಲೋಹ ಕರಗಿಸಿದ ಕಿಟ್ಟದ ರಾಶಿಗಳನ್ನು ಗುರುತಿಸುವುದು ಅದರ ಕ್ರಮ. ಬೀಡನ್ ಚಿನ್ನವನ್ನು ಅರಸಿ ಬಂದು ಅರಸನ ಹೆಸರನ್ನು ಕಂಡ. ಇವರು ಕಿಟ್ಟವನ್ನೂ ಮಣ್ಣನ್ನೂ ಅರಸಿ ಬಂದು ಹೆಸರಿಲ್ಲದವರ ಒಲೆಗಳನ್ನೂ ಕುಲುಮೆಗಳನ್ನೂ ಕಾಣುತ್ತಿದ್ದಾರೆ. ಆ ಹೊಲಗಳಲ್ಲಿ ಇನ್ನೂ ಉಳಿದಿರುವ ದಿಬ್ಬಗಳ ಎಣಿಕೆ ಗ್ರಾಮವಾರು ನಡೆದು ಕನ್ನಡದಲ್ಲಿ ಪ್ರಕಟವಾಗಬೇಕಾಗಿದೆ; ಪ್ರತಿ ಸುಗ್ಗಿಗೂ ಅವುಗಳ ಸಂಖ್ಯೆ ಕಡಿಮೆಯಾಗುತ್ತಿದೆ.